ಚರ್ಮವೈದ್ಯರ ಬಾಗಿಲಲ್ಲಿ ಇಎಸ್‌ಐ ಕಾರ್ಡು, ಆಯುಷ್ಮಾನ್ ಕಾರ್ಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ತಿಂಗಳ ಸಂಬಳ 14 ಸಾವಿರ ರೂಪಾಯಿ, ಇಎಸ್‌ಐಗೆ ಹಣ ಕಡಿತವಾಗುತ್ತದೆ. ಎಂಟು ತಿಂಗಳಿಂದ ಸೊಂಟದ ಸುತ್ತ ಹುಳುಕಡ್ಡಿಯಾಗಿದೆ. ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮು ಹಚ್ಚಿದರೆ ವಾರದಲ್ಲಿ ಹೋದಂತೆ ಕಾಣುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಈಗ ಮಗಳಿಗೂ ಬಂದಿದೆ. ಮನೆಯ ಹತ್ತಿರದ ಚರ್ಮರೋಗ ಕ್ಲಿನಿಕ್ಕಿನಲ್ಲಿ ಕಾರ್ಡು ತೋರಿಸಿದಾಗ ‘ಇದು ಇಲ್ಲಿ ನಡೆಯುವುದಿಲ್ಲ’ ಎಂದರು. ಇಎಸ್‌ಐ ಕಾರ್ಡು ಒಪ್ಪುವ ಚರ್ಮವೈದ್ಯರು ನಮ್ಮ ಭಾಗದಲ್ಲಿ ಯಾರಿದ್ದಾರೆ?
— ಹೆಸರು ಬೇಡ, ದಾಸರಹಳ್ಳಿ

ಉತ್ತರ: ಆ ಕ್ಲಿನಿಕ್ಕಿನವರು ನಿಮಗೆ ಸುಳ್ಳು ಹೇಳಲಿಲ್ಲ, ಆದರೆ ಪೂರ್ತಿಯಾಗಿ ಹೇಳಲೂ ಇಲ್ಲ. ಇಎಸ್‌ಐ ಎಂಬ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ ರೋಗಿಯು ತನಗೆ ಬೇಕಾದ ತಜ್ಞರನ್ನು ತಾನೇ ಆರಿಸಿಕೊಂಡು ನೇರವಾಗಿ ಹೋಗುವ ಕ್ರಮವಿಲ್ಲ. ಆದ್ದರಿಂದ ಬೀದಿ ಬೀದಿ ಅಲೆದು ಕಾರ್ಡು ತೋರಿಸಿದರೂ ಖಾಸಗಿ ಚರ್ಮವೈದ್ಯರು ಯಾರೂ ಅದನ್ನು ಒಪ್ಪಲಾರರು. ನಿಮ್ಮ ಹೆಸರು ಒಂದು ನಿರ್ದಿಷ್ಟ ಇಎಸ್‌ಐ ಡಿಸ್ಪೆನ್ಸರಿಗೆ ಜೋಡಣೆಯಾಗಿರುತ್ತದೆ, ಮತ್ತು ದಾರಿ ಶುರುವಾಗುವುದು ಅಲ್ಲಿಂದಲೇ. ಅಲ್ಲಿನ ವೈದ್ಯಾಧಿಕಾರಿಯು ನೋಡಿ, ತಜ್ಞರ ಅಗತ್ಯವಿದೆ ಎನಿಸಿದರೆ ಇಎಸ್‌ಐ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ನಿಮ್ಮ ಭಾಗದಿಂದ ಹೆಚ್ಚು ದೂರವಲ್ಲದ ರಾಜಾಜಿನಗರದಲ್ಲಿ ಯೋಜನೆಯನ್ನು ನಡೆಸುವ ಇಎಸ್‌ಐ ನಿಗಮದ್ದೇ (ಇಎಸ್‌ಐಸಿ) ಆದ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಅಲ್ಲಿ ಚರ್ಮರೋಗಕ್ಕೆ ಪ್ರತ್ಯೇಕ ವಿಭಾಗವಿದ್ದು, ನೀವು ಹುಡುಕುತ್ತಿರುವ ವೈದ್ಯರು ಅಲ್ಲಿಯೇ ಇದ್ದಾರೆ. ಅಲ್ಲಿ ಆಗದ ಉನ್ನತ ಚಿಕಿತ್ಸೆ ಬೇಕಾದಾಗ ಮಾತ್ರ ಇಎಸ್‌ಐನವರೇ ಒಪ್ಪಂದವಿರುವ ಖಾಸಗಿ ಆಸ್ಪತ್ರೆಗೆ ಕಳಿಸುತ್ತಾರೆ. ಖಾಸಗಿಯವರು ಇಎಸ್‌ಐ ಕಾರ್ಡನ್ನು ಮಾನ್ಯ ಮಾಡುವುದು ಸಾಮಾನ್ಯವಾಗಿ ಆ ಚೀಟಿಯ ಬಲದಿಂದಲೇ.

ಇದನ್ನು ಯಾರೋ ಮಾಡುವ ಉಪಕಾರವೆಂದು ಭಾವಿಸಿ ಸಂಕೋಚಪಡಬೇಡಿ. ನಿಮ್ಮ 14 ಸಾವಿರ ಸಂಬಳದಲ್ಲಿ ಶೇಕಡಾ 0.75ರಂತೆ ತಿಂಗಳಿಗೆ 105 ರೂಪಾಯಿ ನೀವು ಕಟ್ಟುತ್ತಿದ್ದೀರಿ, ಶೇಕಡಾ 3.25ರಂತೆ 455 ರೂಪಾಯಿಯನ್ನು ಮಾಲೀಕರು ಕಟ್ಟುತ್ತಿದ್ದಾರೆ. ತಿಂಗಳ ವೇತನ 21 ಸಾವಿರ ರೂಪಾಯಿಯವರೆಗೆ ಇರುವವರಿಗೆ ಅನ್ವಯಿಸುವ ಈ ಯೋಜನೆಯ ದೊಡ್ಡ ಗುಣವೆಂದರೆ, ಆಸ್ಪತ್ರೆಗೆ ದಾಖಲಾಗದೆ ಹೊರರೋಗಿಯಾಗಿ ಪಡೆಯುವ ತಪಾಸಣೆಗೂ ಔಷಧಿಗೂ ಇದರಲ್ಲಿ ಅವಕಾಶವಿದೆ. ಚರ್ಮದ ಕಾಯಿಲೆಗಳಲ್ಲಿ ಬಹುಪಾಲು ಹೊರರೋಗಿ ವಿಭಾಗದಲ್ಲೇ ಮುಗಿಯುವಂಥವು. ಆದ್ದರಿಂದ, ತುರಿಕೆಯ ಮಟ್ಟಿಗೆ ಹೇಳುವುದಾದರೆ, ನಿಮ್ಮ ಕೈಯಲ್ಲಿರುವ ಕಾರ್ಡು ಐದು ಲಕ್ಷದ ಆಯುಷ್ಮಾನ್ ಕಾರ್ಡಿಗಿಂತ ಹೆಚ್ಚು ಉಪಯೋಗಿ.

ಮಗಳಿಗೂ ಇದೇ ಹಕ್ಕಿದೆ, ಆದರೆ ಆಕೆಯ ಹೆಸರು ನಿಮ್ಮ ಐಪಿ ನಂಬರಿನ (ವಿಮೆದಾರರ ಸಂಖ್ಯೆ) ಕೆಳಗೆ ಕುಟುಂಬದವರ ಪಟ್ಟಿಯಲ್ಲಿ ಸೇರಿರಬೇಕು. ಕೆಲಸಕ್ಕೆ ಸೇರಿದ ದಿನ ಕಾರ್ಖಾನೆಯ ಕಚೇರಿಯವರು ಅವಸರದಲ್ಲಿ ಫಾರಂ ತುಂಬಿ, ಮಕ್ಕಳ ಹೆಸರು ಬಿಟ್ಟಿರುವುದು ಅಪರೂಪವೇನಲ್ಲ. ಸರ್ಕಾರಿ ಸೇವೆಗಳ ಉಮಂಗ್ ಆ್ಯಪಿನಲ್ಲಿ ಇಎಸ್‌ಐಸಿ ಸೇವೆಗಳ ಭಾಗವನ್ನು ತೆರೆದರೆ, ಇಲ್ಲವೇ ಟೋಲ್‌ಫ್ರೀ ಸಂಖ್ಯೆ 1800 11 2526ಕ್ಕೆ ಕರೆ ಮಾಡಿದರೆ, ನಿಮ್ಮ ಡಿಸ್ಪೆನ್ಸರಿ ಯಾವುದು, ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದನ್ನು ತಿಳಿಯಬಹುದು. ಮನೆ ಬದಲಾಯಿಸಿದ್ದು, ಡಿಸ್ಪೆನ್ಸರಿ ಇನ್ನೂ ಹಳೆಯ ವಿಳಾಸದ್ದೇ ಆಗಿದ್ದರೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಿ. ಕುಟುಂಬ ಊರಿನಲ್ಲಿದ್ದು ದುಡಿಯುವವರು ಮಾತ್ರ ಬೆಂಗಳೂರಿನಲ್ಲಿದ್ದರೆ, ಕುಟುಂಬಕ್ಕೆ ಊರಿನ ಸಮೀಪದ ಡಿಸ್ಪೆನ್ಸರಿಯನ್ನು ಬೇರೆಯಾಗಿಯೇ ನಿಗದಿ ಮಾಡಿಸಿಕೊಳ್ಳಬಹುದು ಎಂಬುದು ನಿಮ್ಮ ಸಹೋದ್ಯೋಗಿಗಳಿಗೂ ಉಪಯೋಗಕ್ಕೆ ಬರುವ ಮಾತು.

ಡಿಸ್ಪೆನ್ಸರಿಗೆ ಹೋಗುವಾಗ ಇದುವರೆಗೆ ಹಚ್ಚಿದ ಮುಲಾಮುಗಳ ಖಾಲಿ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಎಂಟು ತಿಂಗಳ ಕಾಯಿಲೆ, ಹಚ್ಚಿದಾಗ ಇಳಿದು ಬಿಟ್ಟಾಗ ಏರುವ ಸ್ವಭಾವ, ಮನೆಯಲ್ಲಿ ಇನ್ನೊಬ್ಬರಿಗೂ ಹರಡಿರುವುದು, ಈ ಮೂರನ್ನೂ ಮೊದಲ ಮಾತಿನಲ್ಲೇ ಹೇಳಿದರೆ ತಜ್ಞರಿಗೆ ಚೀಟಿ ಸಿಗುವುದು ಸುಲಭವಾಗುತ್ತದೆ; ಬರೀ ‘ತುರಿಕೆ’ ಎಂದರೆ ಇನ್ನೊಂದು ಟ್ಯೂಬು ಕೈಗೆ ಬಂದು ಮಾತು ಮುಗಿಯುವ ಸಂಭವವಿದೆ. ನೀವು ಬರೆದಿರುವ ಲಕ್ಷಣವನ್ನು ನೋಡಿದರೆ ಆ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೆಂಬ ಅನುಮಾನ ನನಗಿದೆ. ಸ್ಟಿರಾಯ್ಡ್ ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತದೆ, ಆದರೆ ಒಳಗಿರುವ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಹುಳುಕಡ್ಡಿ ತನ್ನ ಉಂಗುರದ ಆಕಾರವನ್ನು ಕಳೆದುಕೊಂಡು ಹರಡುತ್ತದೆ, ಮುಂದೆ ವೈದ್ಯರಿಗೇ ಗುರುತು ಹಿಡಿಯುವುದು ಕಷ್ಟವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಅಂಗಡಿಗಳಲ್ಲಿ ಕೇಳಿದವರಿಗೆ ಕೊಡುವ ರೂಢಿ ಮಾತ್ರ ಇನ್ನೂ ನಿಂತಿಲ್ಲ. ಮನೆಮಂದಿಗೆಲ್ಲ ಒಟ್ಟಿಗೆ ಚಿಕಿತ್ಸೆಯಾಗಬೇಕಾದ್ದರಿಂದ ಮಗಳನ್ನೂ ಅದೇ ದಿನ ಕರೆದುಕೊಂಡು ಹೋಗುವುದು ಒಳಿತು.

ಒಂದು ತೊಡಕನ್ನೂ ಹೇಳಿಬಿಡಬೇಕು. ಡಿಸ್ಪೆನ್ಸರಿಗೆ ಒಂದು ದಿನ, ರಾಜಾಜಿನಗರಕ್ಕೆ ಇನ್ನೊಂದು ದಿನ ಎಂದರೆ ಎರಡು ದಿನದ ಕೂಲಿ ಹೋಗುತ್ತದೆ. ಇಎಸ್‌ಐನಲ್ಲಿ ಅನಾರೋಗ್ಯದ ರಜೆಗೆ ವೇತನದ ಶೇಕಡಾ 70ರಷ್ಟು ಭತ್ಯೆ ಇದೆಯಾದರೂ, ಕಾಯಿಲೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ಹೀಗಾಗಿ ತಪಾಸಣೆಗೆಂದು ಹೋದ ಒಂದೊಂದು ದಿನಕ್ಕೆ ಆ ಭತ್ಯೆಯನ್ನು ನೆಚ್ಚಿಕೊಳ್ಳಬೇಡಿ. ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ ಚೀಟಿ ಮಾಡಿಸುವ ಸಾಲು ಉದ್ದವಿರುತ್ತದೆ, ಬೇಗ ಹೋದವರಿಗೆ ಮಾತ್ರ ಮಧ್ಯಾಹ್ನದೊಳಗೆ ಔಷಧಿಯ ಕಿಟಕಿಯವರೆಗೂ ತಲುಪಿ ಹೊರಬರುವ ಅವಕಾಶವಿರುತ್ತದೆ.

ಪ್ರಶ್ನೆ: ನಮ್ಮ ಮಾವನವರಿಗೆ 66 ವರ್ಷ. ಎರಡು ತಿಂಗಳಿಂದ ಎದೆ, ಬೆನ್ನಿನ ಮೇಲೆ ನೀರುಗುಳ್ಳೆಗಳೆದ್ದು ಒಡೆಯುತ್ತಿವೆ, ಬಾಯಿಯಲ್ಲಿಯೂ ಹುಣ್ಣಾಗಿದ್ದು ಊಟ ಮಾಡಲು ಆಗುತ್ತಿಲ್ಲ. ಬಿಪಿಎಲ್ ಕಾರ್ಡು, ಆಯುಷ್ಮಾನ್ ಕಾರ್ಡು ಎರಡೂ ಇವೆ. ರಾಣೆಬೆನ್ನೂರಿನಲ್ಲಿ ತೋರಿಸಿದ ಖಾಸಗಿ ಚರ್ಮವೈದ್ಯರು ಆಯುಷ್ಮಾನ್ ತೆಗೆದುಕೊಳ್ಳುವುದಿಲ್ಲ ಎಂದರು. ಐದು ಲಕ್ಷದವರೆಗೆ ಉಚಿತ ಎನ್ನುತ್ತಾರಲ್ಲ, ಅದು ಎಲ್ಲಿ ಸಿಗುತ್ತದೆ?
— ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೊದಲು ಕಾಯಿಲೆಯ ಮಾತು, ಕಾರ್ಡಿನ ಮಾತು ಆಮೇಲೆ. ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು ಎರಡೂ ಸೇರಿದ್ದು, ವಯಸ್ಸಾದವರು ಊಟ ಬಿಟ್ಟಿದ್ದಾರೆ ಎಂದರೆ ಇನ್ನೂ ಒಂದು ವಾರ ವಿಚಾರಿಸುತ್ತ ಕೂರಬಾರದು. ನಾಳೆಯೇ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ದಾಖಲು ಮಾಡಿಕೊಳ್ಳಬಹುದು, ಇಲ್ಲವೇ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸಬಹುದು. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಆ ಆಸ್ಪತ್ರೆಯಲ್ಲಿ ಚರ್ಮರೋಗದ ಪೂರ್ಣ ವಿಭಾಗವಿದೆ. ವಿಭಾಗದ ಹೊರಗೆ ‘ಚರ್ಮ ಮತ್ತು ಲೈಂಗಿಕ ರೋಗ’ ಎಂಬ ಫಲಕ ಕಂಡು ಹಿರಿಯರು ಹಿಂಜರಿದಾರು. ಎರಡನ್ನೂ ಒಂದೇ ಶಾಸ್ತ್ರದ ವೈದ್ಯರು ನೋಡುವುದರಿಂದ ಆ ಹೆಸರು ಬಂದಿದೆ ಎಂದು ಅವರಿಗೆ ಮೊದಲೇ ತಿಳಿಸಿ.

ಇನ್ನು ಕಾರ್ಡಿನ ವಿಷಯ. ನಮ್ಮ ರಾಜ್ಯದಲ್ಲಿ 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಎರಡನ್ನೂ ಸೇರಿಸಿ ಒಂದೇ ಯೋಜನೆ ಮಾಡಲಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಒಟ್ಟು ದರ) ಶೇಕಡಾ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಆದರೆ ಈ ಮೊತ್ತ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ, ಪಟ್ಟಿಯಲ್ಲಿ ನಮೂದಾಗಿರುವ ಚಿಕಿತ್ಸೆಗಳಿಗೆ ಮೀಸಲು. ಕ್ಲಿನಿಕ್ಕಿನ ಸಮಾಲೋಚನೆ ಶುಲ್ಕಕ್ಕಾಗಲಿ, ಅಲ್ಲಿ ಬರೆದುಕೊಟ್ಟ ಮುಲಾಮಿಗಾಗಲಿ ಇದರಿಂದ ಹಣ ಸಂದಾಯವಾಗುವುದಿಲ್ಲ. ಒಬ್ಬರೇ ವೈದ್ಯರಿರುವ ಚರ್ಮರೋಗ ಕ್ಲಿನಿಕ್ಕುಗಳಲ್ಲಿ ಹಾಸಿಗೆಗಳೇ ಇರುವುದಿಲ್ಲವಾದ್ದರಿಂದ ಅವು ಈ ಯೋಜನೆಗೆ ನೋಂದಣಿಯಾಗುವುದೂ ಇಲ್ಲ. ರಾಣೆಬೆನ್ನೂರಿನ ವೈದ್ಯರ ಮೇಲೆ ಸಿಟ್ಟಾಗಿದ್ದರೆ ಅದನ್ನು ಇಲ್ಲಿಗೇ ಬಿಟ್ಟುಬಿಡಿ.

ಖಾಸಗಿ ಆಸ್ಪತ್ರೆಯಲ್ಲಿ ಈ ಕಾರ್ಡಿನಿಂದ ಚಿಕಿತ್ಸೆ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ಮತ್ತು ಆ ಆಸ್ಪತ್ರೆ ಯೋಜನೆಗೆ ನೋಂದಣಿಯಾಗಿರಬೇಕು. ತುರ್ತು ಪರಿಸ್ಥಿತಿಯಲ್ಲಿ ಮಾತ್ರ ಪತ್ರವಿಲ್ಲದೆ ನೇರವಾಗಿ ಹೋಗಬಹುದು. ಚರ್ಮದ ಕಾಯಿಲೆಯಲ್ಲಿ ತುರ್ತು ಎಲ್ಲಿಂದ ಬಂತು ಎನ್ನುವವರಿದ್ದಾರೆ. ಯಾವುದೋ ಮಾತ್ರೆ ನುಂಗಿದ ಕೆಲವು ದಿನಗಳಲ್ಲಿ ಜ್ವರ ಬಂದು, ಕಣ್ಣು ಬಾಯಿ ಕೆಂಪಾಗಿ, ಚರ್ಮ ಸುಟ್ಟಂತೆ ಸುಲಿಯತೊಡಗಿದರೆ ಅದು ಜೀವಕ್ಕೇ ಅಪಾಯ, ಅಲ್ಲಿ ಪತ್ರಕ್ಕಾಗಿ ಕಾಯಕೂಡದು. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ದಾಖಲಾಗುವ ಮೊದಲೇ ಅವರನ್ನು ಕಂಡು, ಈ ಕಾಯಿಲೆಯ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ಮುಂಗಡ ಕಟ್ಟಬೇಕೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿ. ಬಿಪಿಎಲ್ ರೋಗಿಯಿಂದ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಹಣ ಕೇಳಿದರೆ ರಸೀದಿ ಇಟ್ಟುಕೊಂಡು 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿ. ಪಡಿತರ ಚೀಟಿಯಲ್ಲಿರುವ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ, ಆದ್ದರಿಂದ ಎರಡರ ಮೂಲ ಪ್ರತಿಯನ್ನೂ ಒಯ್ಯಿರಿ.

ಗುಳ್ಳೆಗಳು ಹತೋಟಿಗೆ ಬಂದು ಮನೆಗೆ ಮರಳಿದ ಮೇಲೆ ತಿಂಗಳುಗಟ್ಟಲೆ ಮಾತ್ರೆ ಮುಂದುವರಿಸಬೇಕಾಗಬಹುದು. ಪ್ರತಿ ಸಲವೂ ಹುಬ್ಬಳ್ಳಿಗೆ ಹೋಗಲಾಗದಿದ್ದಾಗ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಮೂಲಕ ತಜ್ಞರೊಡನೆ ವಿಡಿಯೋದಲ್ಲಿ ಮಾತನಾಡುವ ವ್ಯವಸ್ಥೆ ಇದೆಯೇ ಎಂದು ಕೇಳಿ, ಅದಕ್ಕೆ ಶುಲ್ಕವಿಲ್ಲ. ಸ್ಟಿರಾಯ್ಡ್ ಮಾತ್ರೆ ಬರೆದಿದ್ದರೆ, ಗುಣವಾಯಿತೆಂದು ಅದನ್ನು ಥಟ್ಟನೆ ನಿಲ್ಲಿಸಲು ಮಾವನವರಿಗೆ ಬಿಡಬೇಡಿ.

ಪ್ರಶ್ನೆ: ಮುಖದ ಮೇಲಿನ ಬಂಗು ತೆಗೆಯುವ ಲೇಸರ್ ಚಿಕಿತ್ಸೆ ಆಯುಷ್ಮಾನ್ ಕಾರ್ಡಿನಲ್ಲಿ ಬರುತ್ತದೆಯೇ?
— ಗೃಹಿಣಿ, ತುಮಕೂರು

ಉತ್ತರ: ಇಲ್ಲ. ಸೌಂದರ್ಯಕ್ಕೆಂದು ಮಾಡುವ ಚಿಕಿತ್ಸೆಗಳು ಈ ಯೋಜನೆಯಲ್ಲಿ ಸೇರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಚರ್ಮವೈದ್ಯರಿಗೆ ಹೊರರೋಗಿಯಾಗಿ ಒಮ್ಮೆ ತೋರಿಸಿ; ಬಂಗಿಗೆ ಲೇಸರಿಗಿಂತ ಮೊದಲು ಬಿಸಿಲಿನಿಂದ ರಕ್ಷಣೆ ಮತ್ತು ಮುಲಾಮುಗಳನ್ನು ಪ್ರಯತ್ನಿಸುವುದೇ ರೂಢಿ.

ಪ್ರಶ್ನೆ: ನನ್ನ ತಮ್ಮನ ಮೊಣಕೈ ಬಳಿ ಒಂದು ತಿಳಿಬಣ್ಣದ ಮಚ್ಚೆಯಿದೆ, ಅಲ್ಲಿ ಮುಟ್ಟಿದರೆ ಗೊತ್ತಾಗುವುದಿಲ್ಲ. ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಅವನ ಹತ್ತಿರ ಯಾವ ಕಾರ್ಡೂ ಇಲ್ಲ. ಏನು ಮಾಡುವುದು?
— ಅಕ್ಕ, ಕೊಪ್ಪಳ

ಉತ್ತರ: ಕಾರ್ಡು ಬೇಕಾಗಿಯೇ ಇಲ್ಲ. ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ಕುಷ್ಠರೋಗವಿರಬಹುದೇ ಎಂದು ಪರೀಕ್ಷಿಸಲೇಬೇಕು, ಮತ್ತು ಆ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಎಲ್ಲರಿಗೂ ಉಚಿತ. ದೇಶದ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ 1983ರಿಂದ ನಡೆದುಕೊಂಡು ಬಂದಿದೆ. ರೋಗವೆಂದು ಖಚಿತವಾದರೆ, ಅದರ ಬಗೆಯನ್ನು ನೋಡಿಕೊಂಡು 6 ತಿಂಗಳು ಅಥವಾ 12 ತಿಂಗಳು ಮಾತ್ರೆ ಕೊಡುತ್ತಾರೆ, ಪೂರ್ತಿ ಗುಣವಾಗುತ್ತದೆ. ಚಿಕಿತ್ಸೆ ಆರಂಭವಾದ ಮೇಲೆ ಬಹುಬೇಗ ಅದು ಇತರರಿಗೆ ಹರಡುವುದು ನಿಲ್ಲುತ್ತದೆ, ಆದ್ದರಿಂದ ಅವನ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ಆಕೆಯೇ ಜೊತೆಗೆ ಬಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬಹುದು. ಕೆಲಸಕ್ಕಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ, ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಮುಂದುವರಿಸಲು ಚಿಕಿತ್ಸೆಯ ಚೀಟಿಯನ್ನು ಅವನು ಜೊತೆಯಲ್ಲೇ ಇಟ್ಟುಕೊಂಡಿರಲಿ.