ಕೇಳಿ, ಹೇಳ್ತೀವಿ: ಸೈನ್ಸ್ ಫಿಕ್ಷನ್ ಪತ್ರಿಕೆ ಫೋನ್‌ನಲ್ಲಿ ಮಾರೋರ ಕಥೆ

ಪ್ರಶ್ನೆ (ನ್ಯೂಜೆರ್ಸಿಯಿಂದ): ಕಿಂಡಲ್‌ನಲ್ಲಿ (ಅಮೆಜಾನ್‌ನ ಇ-ಬುಕ್ ಓದೋ ಸಾಧನ) ವರ್ಷಗಟ್ಲೆ ಕ್ಲಾರ್ಕ್ಸ್‌ವರ್ಲ್ಡ್ ಅನ್ನೋ ಸೈನ್ಸ್ ಫಿಕ್ಷನ್ ಮಾಸಪತ್ರಿಕೆ ತರಿಸ್ತಿದ್ದೆ. ತಿಂಗಳಾದ್ರೆ ತಾನಾಗೇ ಬಂದು ಕೂತಿರ್ತಿತ್ತು. 2023ರಲ್ಲಿ ಇದ್ದಕ್ಕಿದ್ದಂಗೆ ನಿಂತೋಯ್ತು. ಪತ್ರಿಕೆನೇ ಮುಚ್ಚಿಬಿಟ್ರಾ?

ಉತ್ತರ: ಅಯ್ಯೋ ಇಲ್ಲ, ಪತ್ರಿಕೆ ನಡೀತಾನೇ ಇದೆ, ಬಾಗಿಲು ಹಾಕಿದ್ದು ಅಂಗಡಿಯೋರು. ಕಿಂಡಲ್‌ನಲ್ಲಿ ಪತ್ರಿಕೆಗಳಿಗೆ ಚಂದಾ ಕಟ್ಟೋ ವ್ಯವಸ್ಥೆನೇ ಅಮೆಜಾನ್ 2023ರ ಸೆಪ್ಟೆಂಬರ್‌ಗೆ ನಿಲ್ಲಿಸಿಬಿಡ್ತು. ಕೆಲವು ಪತ್ರಿಕೆಗಳಿಗೆ ಬೇಕಾದ್ರೆ ಕಿಂಡಲ್ ಅನ್‌ಲಿಮಿಟೆಡ್ (ತಿಂಗಳಿಗಿಷ್ಟು ಅಂತ ಕಟ್ಟಿ ಅದರಲ್ಲಿರೋದನ್ನ ಬೇಕಾದಷ್ಟು ಓದೋ ಸ್ಕೀಮ್) ಒಳಗೆ ಬನ್ನಿ ಅಂದ್ರು, ಆದ್ರೆ ಅಲ್ಲಿ ಓದುಗ ದುಡ್ಡು ಕಟ್ಟೋದು ಅಮೆಜಾನ್‌ಗೆ, ನಿಮ್ಮ ಪತ್ರಿಕೆಗಲ್ಲ. ಇದ್ರಲ್ಲಿ ನಿಜವಾದ ಪೆಟ್ಟು ಎಲ್ಲಿ ಬಿತ್ತು ಗೊತ್ತಾ? ಚಂದಾದಾರರು ಯಾರು, ಅವರ ಇಮೇಲ್ ಏನು ಅನ್ನೋದು ಪತ್ರಿಕೆಯೋರ ಹತ್ರ ಇರ್ಲೇ ಇಲ್ಲ, ಎಲ್ಲಾ ಅಮೆಜಾನ್ ಹತ್ರ ಇತ್ತು, ಹಂಗಾಗಿ ವರ್ಷಗಟ್ಲೆ ಓದಿದ ನಿಮ್ಮಂಥವರಿಗೆ 'ಇಲ್ಲಿ ನಿಂತೋಗುತ್ತೆ, ಇನ್ಮೇಲೆ ನಮ್ಮಲ್ಲೇ ಚಂದಾ ಕಟ್ಟಿ' ಅಂತ ಒಂದು ಸಾಲು ನೇರವಾಗಿ ಬರೆಯೋಕೂ ದಾರಿ ಇರ್ಲಿಲ್ಲ. ಸಂಪಾದಕ ನೀಲ್ ಕ್ಲಾರ್ಕ್ ಅದಕ್ಕೆ ಬಹಿರಂಗವಾಗೇ ಓದುಗರನ್ನ ಕೇಳ್ಕೋಬೇಕಾಯ್ತು. ಬೇರೆಯೋರ ಜಗಲಿ ಮೇಲೆ ಅಂಗಡಿ ಇಟ್ರೆ ಇಷ್ಟೇ, ಅವರು ಜಗಲಿ ತೊಳೀತೀವಿ ಅಂದ ದಿನ ಎದ್ದು ಹೋಗ್ಬೇಕು. ಈಗ ಅವರ ಸೈಟ್‌ನಲ್ಲೇ ಚಂದಾ ಕಟ್ಬಹುದು, ಇಪಬ್ ಅನ್ನೋ ಇ-ಬುಕ್ ಫೈಲ್ ಕೊಡ್ತಾರೆ, ಅದನ್ನ ಕಿಂಡಲ್‌ಗೆ ಕಳಿಸ್ಕೊಂಡ್ರೆ ಮೊದಲಿನಂಗೇ ಓದ್ಬಹುದು.

ಪ್ರಶ್ನೆ (ದಾವಣಗೆರೆ): ಈ ಪತ್ರಿಕೆಗಳು ಕಥೆಗಳನ್ನೆಲ್ಲಾ ಸೈಟ್‌ನಲ್ಲಿ ಫ್ರೀಯಾಗಿ ಹಾಕ್ತಾವೆ, ಅದನ್ನೇ ಇ-ಬುಕ್ ಮಾಡಿ ಮಾರ್ತಾವೆ. ಫ್ರೀ ಸಿಗೋದಕ್ಕೆ ದುಡ್ಡು ಕೊಡೋ ಪುಣ್ಯಾತ್ಮರು ಯಾರು ಸ್ವಾಮಿ?

ಉತ್ತರ: ಇದ್ದಾರೆ, ಇಲ್ದಿದ್ರೆ ಕ್ಲಾರ್ಕ್ಸ್‌ವರ್ಲ್ಡ್ 2006ರಿಂದ ಹೆಂಗೆ ನಡೀತಿತ್ತು? ಆದ್ರೆ ಎಲ್ಲರೂ ಒಂದೇ ಥರ ಮಾಡಲ್ಲ. 2014ರಲ್ಲಿ ಶುರುವಾದ ಅನ್‌ಕ್ಯಾನಿ ಅಂತ ಒಂದಿದೆ, ಎರಡು ತಿಂಗಳಿಗೊಂದು ಸಂಚಿಕೆ. ಇ-ಬುಕ್ ತಗೊಂಡೋರಿಗೆ ಪೂರ್ತಿ ಸಂಚಿಕೆ ಮೊದಲ ದಿನಾನೇ ಸಿಗುತ್ತೆ, ಫ್ರೀ ಓದೋರಿಗೆ ಅವತ್ತು ಅರ್ಧ, ಮಿಕ್ಕಿದ್ದರ್ಧ ಮುಂದಿನ ತಿಂಗಳು. ಲೈಟ್‌ಸ್ಪೀಡ್ ಅನ್ನೋದೂ ಹೆಚ್ಚುಕಮ್ಮಿ ಹಂಗೇ, ದುಡ್ಡು ಕೊಟ್ಟೋರಿಗೆ ಒಂದೇ ಸಲಕ್ಕೆ, ಉಳಿದೋರಿಗೆ ವಾರವಾರ ಒಂದಿಷ್ಟು. ಅಂದ್ರೆ ಅವರು ಮಾರ್ತಿರೋದು ಕಥೆನಲ್ಲ, ಕಾಯೋ ತಾಪತ್ರಯ ಇಲ್ದೆ ಒಂದೇ ಫೈಲ್‌ನಲ್ಲಿ ಬಸ್ಸಲ್ಲೋ ಟ್ರೈನಲ್ಲೋ ನೆಟ್ ಇಲ್ದಿದ್ರೂ ಓದ್ಕೊಳೋ ಸುಖಾನ. ಜೊತೆಗೆ 'ಇದು ನಿಲ್ಬಾರದು' ಅಂತ ಕೊಡೋರೂ ಇರ್ತಾರೆ. ಸ್ಟ್ರೇಂಜ್ ಹೊರೈಜನ್ಸ್ 2000ದಿಂದ ಹೆಚ್ಚುಕಮ್ಮಿ ಓದುಗರ ದೇಣಿಗೆ ಮೇಲೇ ಬದುಕಿದೆ. ನನ್ನ ಕೇಳಿದ್ರೆ ಅನ್‌ಕ್ಯಾನಿಯವರ ಲೆಕ್ಕಾಚಾರನೇ ಜಾಣತನದ್ದು, ದೇಣಿಗೆ ಕೇಳೋ ಸಂಕೋಚನೂ ಇಲ್ಲ, ಬಡ ಓದುಗನ ಮುಂದೆ ಬಾಗಿಲೂ ಹಾಕಿಲ್ಲ.

ಪ್ರಶ್ನೆ (ಧಾರವಾಡ): ನಾವು ನಾಕು ಮಂದಿ ಗೆಳ್ಯಾರು ಕೂಡಿ ಕನ್ನಡದಾಗ ಒಂದು ಸೈನ್ಸ್ ಫಿಕ್ಷನ್ ಇ-ಪತ್ರಿಕೆ ತರಬೇಕಂತ ಮಾಡೀವ್ರಿ. ಪಿಡಿಎಫ್ ಮಾಡಿ ವಾಟ್ಸಾಪಿನಾಗ ಕಳಿಸಿದ್ರ ಸಾಕೋ, ಕಿಂಡಲ್‌ನಾಗ ಹಾಕಬೇಕೋ? ಕಾಪಿ ಹೊಡೆಯೋರ್ನ ತಡೆಯೋದು ಹ್ಯಾಂಗ?

ಉತ್ತರ: ಮೊದ್ಲು ಮಾಡ್ರಿ ಅಂತೀನಿ! ಇನ್ನು ವಿಷಯಕ್ಕೆ ಬರೋಣ. ಪಿಡಿಎಫ್ ಅಂದ್ರೆ ಅಚ್ಚಿನ ಪುಟದ ಫೋಟೋ ಇದ್ದಂಗೆ, ಫೋನಲ್ಲಿ ಪ್ರತಿ ಸಾಲಿಗೂ ಝೂಮ್ ಮಾಡಿ ಎಳೆದಾಡಬೇಕು, ಎರಡು ಕಾಲಂ ಇದ್ರಂತೂ ಮುಗೀತು, ಎರಡನೇ ಪುಟಕ್ಕೇ ಓದುಗ ರೀಲ್ಸ್‌ಗೆ ಹೋಗಿರ್ತಾನೆ. ಇಪಬ್ ಮಾಡಿ, ಅಕ್ಷರ ದೊಡ್ಡದು ಮಾಡಿದ್ರೆ ಸಾಲುಗಳು ತಾವೇ ಸರ್‍ಕೊಂಡು ಸ್ಕ್ರೀನ್‌ಗೆ ಹೊಂದ್ಕೊಳ್ತವೆ. ಸಿಗಿಲ್, ಕ್ಯಾಲಿಬರ್ ಎರಡೂ ಫ್ರೀ ಸಾಫ್ಟ್‌ವೇರ್, ಕಲಿಯೋಕೆ ಒಂದೆರಡು ಭಾನುವಾರ ಸಾಕು.

ನಮ್ಮವರಿಗೆ ಕಷ್ಟ ಬರೋದು ಬೇರೆ ಕಡೆ. ನಿಮ್ಮ ಡಿಟಿಪಿಯೋರು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿ ಕೊಟ್ರೆ ಅದು ಕಂಪ್ಯೂಟರ್ ಪಾಲಿಗೆ ಕನ್ನಡನೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಮುಖವಾಡ ಹಾಕಿರೋದು ಅಷ್ಟೇ, ಫಾಂಟ್ ಇಲ್ಲದ ಫೋನಲ್ಲಿ ತೆಗೆದ್ರೆ ಕಾಗೆ ಕಾಲು ಗುಬ್ಬಿ ಕಾಲು. ಎಲ್ಲಾ ಫೋನೂ ಕಂಪ್ಯೂಟರೂ ಕನ್ನಡ ಅಂತ್ಲೇ ಗುರುತಿಸೋ ಯೂನಿಕೋಡ್‌ನಲ್ಲೇ ಟೈಪ್ ಮಾಡ್ಸಿ. ಹಳೇ ಕಥೆಗಳಿದ್ರೆ ಕನ್ವರ್ಟರ್ ಇವೆ, ಆದ್ರೆ ಅರ್ಕಾವತ್ತು ಮತ್ತೆ ಒತ್ತಕ್ಷರ ಸ್ಥಾನ ತಪ್ಪೋ ಸಾಧ್ಯತೆ ಇರುತ್ತೆ, ಹಾಗಾಗಿ ಕರಡು ಮತ್ತೊಂದು ಸಲ ತಿದ್ದಲೇಬೇಕು. ಫಾಂಟ್ ಫೈಲ್ ಇಪಬ್ ಒಳಗೇ ಸೇರಿಸ್ಬಿಡಿ, ನೋಟೊ ಸೆರಿಫ್ ಕನ್ನಡ ಅನ್ನೋ ಫಾಂಟನ್ನ ಹಂಗೆ ಸೇರಿಸೋಕೆ ಲೈಸೆನ್ಸ್‌ನ ಅಡ್ಡಿಯಿಲ್ಲ.

ಕಿಂಡಲ್ ನೆಚ್ಕೋಬೇಡಿ. 2016ರಲ್ಲಿ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಬುಕ್‌ಗಳನ್ನ ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರ್ಲಿಲ್ಲ, ಆಗ ಎಷ್ಟು ಜನ ಬೈಕೊಂಡ್ರು ಅಂತ ನೆನಪಿರ್ಬಹುದು. ಕನ್ನಡಕ್ಕಂತಲೇ ಮೈಲ್ಯಾಂಗ್ ಆಪ್ ಇದೆ, ಗೂಗಲ್ ಪ್ಲೇ ಬುಕ್ಸ್ ಇದೆ, ಎರಡೂ ಕಡೆ ವಿಚಾರಿಸಿ. ಎಲ್ಲಿ ಮಾರಿದ್ರೂ ಸರಿ, ನಿಮ್ಮದೇ ಒಂದು ಪೇಜ್ ಇರ್ಲಿ, ಯುಪಿಐನಲ್ಲಿ ವರ್ಷದ ಚಂದಾ ಒಂದೇ ಸಲ ತಗೊಳ್ಳಿ, ಕೊಟ್ಟೋರ ಇಮೇಲ್ ನಿಮ್ಮ ಹತ್ರ ಬರ್ದಿಟ್ಕೊಳ್ಳಿ. ನ್ಯೂಜೆರ್ಸಿಯವರಿಗೆ ಕೊಟ್ಟ ಉತ್ತರ ಓದಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ತಿಂಗಳು ತಿಂಗಳು ಹತ್ತಿಪ್ಪತ್ತು ರೂಪಾಯಿ ಕೇಳೋಕೆ ಹೋಗ್ಬೇಡಿ, ನೆನಪು ಮಾಡೋದ್ರಲ್ಲೇ ನಿಮ್ಮ ಗೆಳೆತನ ಮುಗೀತದೆ. ಪತ್ರಿಕೆಗೆ ಬೇಕಾಗೋದು ಐಎಸ್‌ಎಸ್‌ಎನ್ ಅನ್ನೋ ಗುರುತಿನ ನಂಬರ್, ದಿಲ್ಲಿಯ ಎನ್‌ಐಎಸ್‌ಸಿಪಿಆರ್ ಸಂಸ್ಥೆ ಕೊಡುತ್ತೆ, ದುಡ್ಡಿಲ್ಲ. ಯಾರಾದ್ರೂ ಏಜೆಂಟ್ ಫೀಸ್ ಕೇಳಿದ್ರೆ ನಮಸ್ಕಾರ ಹೇಳಿ ಕಳಿಸಿ.

ಕಾಪಿ ಹೊಡೆಯೋರ ವಿಷ್ಯ: ಬೀಗ ಹಾಕೋಕೆ ಡಿಆರ್‌ಎಂ ಅಂತಿದೆ, ಆದ್ರೆ ಅದರ ಕಾಟ ಹೆಚ್ಚಾಗಿ ದುಡ್ಡು ಕೊಟ್ಟೋನಿಗೇ, ಕದಿಯೋನು ಸ್ಕ್ರೀನ್‌ಶಾಟ್ ತೆಗೆದು ಹೋಗಿರ್ತಾನೆ. ಟೋರ್‌ನಂಥ ದೊಡ್ಡ ಸೈನ್ಸ್ ಫಿಕ್ಷನ್ ಪ್ರಕಾಶಕರೇ 2012ರಲ್ಲಿ ಆ ಬೀಗ ಕಿತ್ತು ಬಿಸಾಕಿದ್ರು. ನೀವು ಪ್ರತಿ ಸಂಚಿಕೆ ಕೊನೆಗೆ ಚಂದಾ ಲಿಂಕ್ ಹಾಕಿಬಿಡಿ. ವಾಟ್ಸಾಪ್ ಗ್ರೂಪಲ್ಲಿ ಸುತ್ತಾಡೋ ಕಾಪಿನೇ ನಿಮ್ಮ ಜಾಹೀರಾತು ಆಗ್ಲಿ.

ಪ್ರಶ್ನೆ (ಉಡುಪಿ): ಹೊರದೇಶದ ಪತ್ರಿಕೆಗೆ ತಿಂಗಳ ಚಂದಾ ಕಟ್ಟಿದ್ರೆ ನನ್ನ ಕಾರ್ಡ್ ಮೊದಲ ತಿಂಗಳು ಸರಿ ಹೋಗ್ತದೆ, ಎರಡನೇ ತಿಂಗಳು ಫೇಲ್. ಮರ್ಯಾದೆ ಹೋಗ್ತದೆ ಮಾರ್ರೆ.

ಉತ್ತರ: ನಿಮ್ಮ ತಪ್ಪಲ್ಲ. ತಾನಾಗೇ ದುಡ್ಡು ಕಟ್ ಆಗೋಕೆ ಆರ್‌ಬಿಐ 2021ರ ಅಕ್ಟೋಬರ್‌ನಿಂದ ಹೊಸ ನಿಯಮ ತಂದಿದೆ, ನಿಮ್ಮ ಒಪ್ಪಿಗೆ ಮೊದಲೇ ನೋಂದಣಿ ಆಗಿರ್ಬೇಕು, ಪ್ರತಿ ಸಲ ಕಟ್ ಆಗೋ ಮುಂಚೆ ಮೆಸೇಜ್ ಬರ್ಬೇಕು. ಎಷ್ಟೋ ವಿದೇಶಿ ಸೈಟ್‌ಗಳು ಅದಕ್ಕೆ ಹೊಂದ್ಕೊಂಡಿಲ್ಲ. ವರ್ಷದ ಚಂದಾ ಇದ್ರೆ ಒಂದೇ ಸಲ ಕಟ್ಟಿ, ಇಲ್ಲಾಂದ್ರೆ ಬಿಡಿ ಸಂಚಿಕೆ ತಗೊಳ್ಳಿ.

ಪ್ರಶ್ನೆ (ತುಮಕೂರು): ಈ ಪತ್ರಿಕೆಗಳಿಗೆ ಕಥೆ ಕಳಿಸಿದ್ರೆ ಎಷ್ಟು ಕೊಡ್ತಾರೆ? ಚಾಟ್‌ಜಿಪಿಟಿ ಕೈಲಿ ಬರೆಸಿ ಕಳಿಸಬಹುದಾ?

ಉತ್ತರ: ವೃತ್ತಿಪರ ದರ ಅಂತ ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕರ ಸಂಘ 2019ರಲ್ಲಿ ಪದಕ್ಕೆ ಕನಿಷ್ಠ 8 ಸೆಂಟ್ ಅಂತ ಇಟ್ಟಿತು, 5,000 ಪದದ ಕಥೆಗೆ 400 ಡಾಲರ್. ಇಂಗ್ಲಿಷಲ್ಲಿ ಇರ್ಬೇಕು, ಕಳಿಸೋಕೆ ಫೀಸ್ ಇಲ್ಲ, ಭಾರತದಿಂದ ಕಳಿಸಿದ್ರೂ ಓದ್ತಾರೆ. ಎರಡನೇ ಪ್ರಶ್ನೆಗೆ ಉತ್ತರ: ಬೇಡ, ಕಳಿಸ್ಬೇಡಿ. ನಿಮ್ಮಂಥ ಐಡಿಯಾ ಬಂದವರು ಬಹಳ ಜನ ಇದ್ರು, 2023ರ ಫೆಬ್ರವರಿಲಿ ಒಂದೇ ತಿಂಗಳಲ್ಲಿ 500ರ ಮೇಲೆ ಅಂಥ ಕಥೆಗಳು ಬಂದು ಬಿದ್ದು ಕ್ಲಾರ್ಕ್ಸ್‌ವರ್ಲ್ಡ್‌ನವರು ಕಥೆ ತಗೊಳೋದನ್ನೇ ನಿಲ್ಲಿಸಿದ್ರು, ಮಾರ್ಚಿಯಲ್ಲಿ ಮತ್ತೆ ತೆಗೆದ್ರು. ಸಿಕ್ಕಿಬಿದ್ರೆ ಮುಂದೆ ನಿಮ್ಮ ಹೆಸರಲ್ಲಿ ಏನು ಕಳಿಸಿದ್ರೂ ಓದಲ್ಲ. ಸುಮ್ನೆ ನೀವೇ ಬರೀರಿ.