ನೋಡಿಕೊಳ್ಳುವವರಿಗೆ ಹಬ್ಬದ ಉಡುಗೊರೆ: ಹಣವೋ, ವಸ್ತುವೋ?

ಪ್ರಶ್ನೆ: ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವ ನಮ್ಮ ತಾಯಿಯನ್ನು ಇಬ್ಬರು ನೋಡಿಕೊಳ್ಳುತ್ತಿದ್ದಾರೆ. ಹಗಲಿನವರು ಏಜೆನ್ಸಿಯ ಮೂಲಕ ಬಂದವರು. ರಾತ್ರಿಯವರನ್ನು ನಾವೇ ನೇಮಿಸಿಕೊಂಡಿದ್ದೇವೆ. ಹಬ್ಬಕ್ಕೆ ಇಬ್ಬರಿಗೂ ಏನಾದರೂ ಕೊಡಬೇಕೆಂದಿದ್ದೇನೆ. ಹಣ ಕೊಟ್ಟರೆ ಅವರಿಗೆ ನೋವಾದೀತೇ? ಎಷ್ಟು ಕೊಡುವುದು ಸರಿ? ‘ತಿಂಗಳು ತಿಂಗಳು ಸಂಬಳ ಕೊಡುತ್ತಿದ್ದೇವಲ್ಲ, ಮತ್ತೇನು?’ ಎಂಬುದು ನಮ್ಮಣ್ಣನ ವಾದ.

ಉತ್ತರ: ಉಡುಗೊರೆ ಕಡ್ಡಾಯವಲ್ಲ ಎಂಬ ಮಟ್ಟಿಗೆ ನಿಮ್ಮ ಅಣ್ಣನವರ ಮಾತು ಸರಿ. ಆದರೆ ಅದೇ ಮಾತನ್ನು ತಿರುಗಿಸಿಯೂ ನೋಡಬೇಕು: ಸಂಬಳಕ್ಕೆ ಬದಲಾಗಿ ಉಡುಗೊರೆ ಎಂದೂ ನಿಲ್ಲಲಾರದು. ಬಾಕಿ ಉಳಿದ ಸಂಬಳವನ್ನೋ, ಹೆಚ್ಚುವರಿಯಾಗಿ ದುಡಿದ ರಾತ್ರಿಗಳ ಹಣವನ್ನೋ ಹಬ್ಬದ ದಿನ ಲಕೋಟೆಯಲ್ಲಿಟ್ಟು ‘ಇದು ನಿಮಗೆ ನಮ್ಮ ಉಡುಗೊರೆ’ ಎಂದು ಕೊಡುವವರನ್ನು ನಾನು ಕಂಡಿದ್ದೇನೆ. ಅದು ಅವರದೇ ಹಣವನ್ನು ಅವರಿಗೆ ಉಪಕಾರವೆಂಬಂತೆ ಹಿಂತಿರುಗಿಸುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗೆಲಸದವರಿಗಾಗಿ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಯು, ಸಂಬಳವನ್ನು ಕನಿಷ್ಠ ತಿಂಗಳಿಗೊಮ್ಮೆಯಾದರೂ ಹಣದ ರೂಪದಲ್ಲಿ ಕೊಡಬೇಕೆಂದೂ, ವಸ್ತುರೂಪದಲ್ಲಿ ಕೊಡುವುದಾದರೆ ಅದು ಸೀಮಿತ ಪಾಲಷ್ಟೇ ಆಗಿದ್ದು ಅವರ ಒಪ್ಪಿಗೆ ಇರಬೇಕೆಂದೂ, ವಾರಕ್ಕೊಮ್ಮೆ ಸತತ 24 ಗಂಟೆಗಳ ಬಿಡುವು ಸಿಗಬೇಕೆಂದೂ ಹೇಳುತ್ತದೆ. ಆದ್ದರಿಂದ ಮೊದಲು ಈ ಲೆಕ್ಕಗಳನ್ನು ಚುಕ್ತಾ ಮಾಡಿರಿ, ಉಡುಗೊರೆಯ ಮಾತು ಆಮೇಲೆ.

ಹಗಲಿನವರ ವಿಷಯದಲ್ಲಿ ಏಜೆನ್ಸಿಯ ನಿಯಮವನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳಿರಿ. ಎಷ್ಟೋ ಏಜೆನ್ಸಿಗಳು ತಮ್ಮವರು ಮನೆಯವರಿಂದ ಹಣ ಪಡೆಯುವುದನ್ನು ನಿಷೇಧಿಸಿರುತ್ತವೆ, ಮತ್ತೆ ಕೆಲವು ಸಣ್ಣಪುಟ್ಟ ವಸ್ತುಗಳಿಗಷ್ಟೇ ಅವಕಾಶ ಕೊಡುತ್ತವೆ. ರೋಗಿಯ ಅಸಹಾಯಕತೆಯನ್ನು ಯಾರೂ ದುರುಪಯೋಗಪಡಿಸಿಕೊಳ್ಳಬಾರದು, ಕೆಲಸದವರ ಮೇಲೂ ಮುಂದೆ ಅಪವಾದ ಬರಬಾರದು ಎಂಬುದು ಅದರ ಉದ್ದೇಶ. ನೀವು ಪ್ರೀತಿಯಿಂದ ಬಲವಂತವಾಗಿ ಕೈಗಿಟ್ಟ ನೋಟಿನಿಂದ ಅವರು ಕೆಲಸವನ್ನೇ ಕಳೆದುಕೊಳ್ಳಬಹುದು. ಹಣಕ್ಕೆ ಅನುಮತಿ ಇಲ್ಲದಿದ್ದರೆ, ಅವರ ಕೆಲಸವನ್ನು ಮೆಚ್ಚಿ ಏಜೆನ್ಸಿಗೊಂದು ಪತ್ರ ಬರೆಯಿರಿ. ಅದು ಅವರ ದಾಖಲೆಯಲ್ಲಿ ಉಳಿದು ಮುಂದಿನ ಕೆಲಸಕ್ಕೂ ನೆರವಾಗುತ್ತದೆ.

ರಾತ್ರಿಯವರಿಗೆ ಹಣವನ್ನೇ ಕೊಡಿರಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ನಮ್ಮ ಅತ್ತೆಯವರನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬರಿಗೆ ನಾವು ಒಂದು ವರ್ಷ ದೊಡ್ಡದೊಂದು ಗೋಡೆ ಗಡಿಯಾರ ಕೊಟ್ಟೆವು. ಅವರು ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಬಹಳ ಚೆನ್ನಾಗಿದೆ ಎಂದು ನಕ್ಕರು. ಮರುದಿನ ಬಾಗಿಲ ಬಳಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಮಗನ ಶಾಲೆಯ ಶುಲ್ಕಕ್ಕೆ ಸಂಬಳದಲ್ಲಿ ಮುಂಗಡ ಸಿಗಬಹುದೇ ಎಂದು ಕೇಳಿದರು. ಗಡಿಯಾರವನ್ನು ನಾವು ಆರಿಸಿದ್ದು ನಮ್ಮ ಕಣ್ಣಿಗೆ ಚೆಂದ ಕಂಡಿತೆಂದು. ಅವರ ಮನೆಗೆ ಏನು ಬೇಕು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಅದು ನನ್ನನ್ನು ಇಂದಿಗೂ ಬಾಧಿಸುತ್ತದೆ.

ಎಷ್ಟು ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಅಳತೆಯಿಲ್ಲ. ವರ್ಷಕ್ಕೊಮ್ಮೆ ಒಂದು ವಾರದ ಸಂಬಳದಷ್ಟು ಕೊಡುವ ರೂಢಿ ಕೆಲವೆಡೆ ಇದೆ. ಶಕ್ತಿ ಇದ್ದರೆ ಅದು ಒಳ್ಳೆಯ ಅಳತೆ, ಇಲ್ಲದಿದ್ದರೆ ಕಡಿಮೆಯಾದರೂ ಪರವಾಗಿಲ್ಲ. ಹೊಸ ನೋಟುಗಳನ್ನು ಲಕೋಟೆಯಲ್ಲಿಟ್ಟು, ಹಬ್ಬದ ಖರ್ಚಿಗೆ ಒದಗುವಂತೆ ಕೆಲವು ದಿನ ಮೊದಲೇ, ಅತಿಥಿಗಳ ಎದುರಿಗಲ್ಲದೆ ಕೊಡಿರಿ. ಜೊತೆಗೊಂದು ಚೀಟಿ ಇರಲಿ. ‘ನಿಮ್ಮ ಸೇವೆಗೆ ಧನ್ಯವಾದ’ ಎಂದಷ್ಟೇ ಬರೆಯದೆ, ಎರಡು ಗಂಟೆಗೊಮ್ಮೆ ಅಮ್ಮನ ಮಗ್ಗುಲು ಬದಲಿಸಿ ಬೆನ್ನಿನಲ್ಲಿ ಹುಣ್ಣಾಗದಂತೆ ಕಾಪಾಡಿದ್ದನ್ನು ಹೆಸರಿಸಿ ಬರೆಯಿರಿ. ನಿದ್ದೆಗೆಟ್ಟು ಮಾಡುವ ಆ ಕೆಲಸ ಬೆಳಿಗ್ಗೆ ಏಳುವ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ.

ಲಕೋಟೆ ಕೊಟ್ಟ ಉಸಿರಿನಲ್ಲೇ ‘ಹಬ್ಬದ ದಿನವೂ ಬಂದುಬಿಡಿ’ ಎನ್ನಬೇಡಿರಿ. ಆ ದಿನ ಅವರು ಬರಲೇಬೇಕಾದರೆ ಅದರ ಸಂಬಳ ಬೇರೆ, ಉಡುಗೊರೆ ಬೇರೆ.

ಪ್ರಶ್ನೆ: ನಾನು ವೃದ್ಧರೊಬ್ಬರನ್ನು ನೋಡಿಕೊಳ್ಳುತ್ತೇನೆ. ಅವರಿಗೆ ಮರೆವಿನ ಕಾಯಿಲೆ. ಹಬ್ಬಕ್ಕೆಂದು ತಮ್ಮ ಬೆರಳಿನ ಉಂಗುರವನ್ನು ನನ್ನ ಕೈಗಿಟ್ಟು, ಮಗನಿಗೆ ಹೇಳಬೇಡ ಎನ್ನುತ್ತಾರೆ. ಬೇಡವೆಂದರೆ ಕಣ್ಣೀರಿಡುತ್ತಾರೆ.

ಉತ್ತರ: ಉಂಗುರವನ್ನು ನೀವು ಇಟ್ಟುಕೊಳ್ಳುವಂತಿಲ್ಲ, ಗುಟ್ಟಾಗಿಯಂತೂ ಖಂಡಿತ ಕೂಡದು. ನಾಳೆ ಅವರೇ ಅದನ್ನು ಹುಡುಕತೊಡಗಿದರೆ ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲ. ಅವರೊಡನೆ ವಾದಿಸಬೇಡಿರಿ. ಕೈ ಹಿಡಿದುಕೊಂಡು, ‘ನಿಮ್ಮ ಬೆರಳಿಗೇ ಇದು ಚೆಂದ, ನೀವೇ ಹಾಕಿಕೊಂಡಿರಿ’ ಎಂದು ಮರಳಿ ತೊಡಿಸಿರಿ. ಅದೇ ದಿನ ಮಗನಿಗೂ, ಏಜೆನ್ಸಿ ಇದ್ದರೆ ಅವರಿಗೂ ನಡೆದದ್ದನ್ನು ತಿಳಿಸಿ, ದಿನಚರಿಯ ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿರಿ.