ಹೊರದೇಶದಲ್ಲಿರುವವರ ರಕ್ಷಣೆಗೆ ಅವರಿಂದಲೇ ತೆರಿಗೆ ವಸೂಲಿ ಮಾಡಬೇಕೇ?

ಹೊರದೇಶದಲ್ಲಿ ಯುದ್ಧವಾದರೆ ನಮ್ಮ ಸೇನೆಯೇ ಹೋಗಿ ಕರೆತರಬೇಕು, ಹಾಗಿದ್ದ ಮೇಲೆ ಅಲ್ಲಿರುವವರು ಇಲ್ಲಿಗೂ ತೆರಿಗೆ ಕಟ್ಟಬೇಡವೇ ಅಂತ ಕೇಳಿದ್ದೀರಿ. ನಾನು ಮಸ್ಕತ್‌ನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಬೇಡ ಅಂತಲೇ ಹೇಳುತ್ತೇನೆ, ಅದರಲ್ಲಿ ಸ್ವಲ್ಪ ಸ್ವಾರ್ಥವೂ ಇದೆ ಅಂದುಕೊಳ್ಳಿ.

ಅಮೆರಿಕ ಇಂಥ ತೆರಿಗೆಯನ್ನು ತನ್ನ ಅಂತರ್ಯುದ್ಧದ ಕಾಲದಲ್ಲೇ ಶುರು ಮಾಡಿತು. ಮೆಕ್ಸಿಕೋದಲ್ಲಿ ನೆಲೆಸಿದ್ದ ಕುಕ್ ಎಂಬ ಅಮೆರಿಕನ್ ಪ್ರಜೆ ಇದರ ವಿರುದ್ಧ ಕೋರ್ಟಿಗೆ ಹೋದ. ನಾಗರಿಕ ಎಲ್ಲೇ ಇರಲಿ, ಸರ್ಕಾರದಿಂದ ಅವನಿಗೆ ಪ್ರಯೋಜನ ಇದ್ದೇ ಇದೆ, ತೆರಿಗೆ ಸರಿ ಎಂದು 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಸರಿ. ಆದರೆ ಅದೇ ದೇಶ ಗಲಭೆಯ ನಡುವಿನಿಂದ ತನ್ನವರನ್ನು ಕರೆತರುವಾಗ ಸಾಮಾನ್ಯವಾಗಿ ಸಾಲಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ! ತೆರಿಗೆಯೂ ಕಟ್ಟಿ, ಟಿಕೆಟ್ ದುಡ್ಡೂ ಕೊಡಿ ಅಂದರೆ ರಕ್ಷಣೆಯ ಲೆಕ್ಕ ಎಲ್ಲಿ ಬಂತು? ಎರಿಟ್ರಿಯಾದ್ದು ಇನ್ನೂ ವಿಚಿತ್ರ. ಅಲ್ಲಿನ ಕಡ್ಡಾಯ ಸೇನಾ ಸೇವೆಗೆ ಹೆದರಿ ಓಡಿಹೋದವರಿಂದಲೂ ಆದಾಯದ ಶೇ. 2ರಷ್ಟು ಕೇಳುತ್ತಾರೆ.

ನಮ್ಮಲ್ಲಿಗೆ ಬನ್ನಿ. 2023ರಲ್ಲಿ ಸುಡಾನ್‌ನ ಯುದ್ಧದಲ್ಲಿ ಸಿಕ್ಕಿಕೊಂಡವರಲ್ಲಿ ಹುಣಸೂರು, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಜನರಿದ್ದರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಿಕೊಂಡು ಬದುಕುವವರು. ಆಪರೇಷನ್ ಕಾವೇರಿಯಲ್ಲಿ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನ ಹೋಗಿ 3,800ಕ್ಕೂ ಹೆಚ್ಚು ಜನರನ್ನು ಕರೆತಂದವು. ಈಗ ಯೋಚಿಸಿ, ಈ ಎಣ್ಣೆ ಮಾರುವವರಿಂದ ಎಷ್ಟು ತೆರಿಗೆ ಸಿಕ್ಕೀತು? ದೊಡ್ಡ ಸಂಬಳದವರು ಇರುವುದು ನ್ಯೂಜೆರ್ಸಿ, ಲಂಡನ್‌ನಲ್ಲಿ. ಅಲ್ಲಿಗೆ ನಮ್ಮ ಯುದ್ಧನೌಕೆ ಹೋಗುವ ಪ್ರಸಂಗವೇ ಬರುವುದಿಲ್ಲ. ರಕ್ಷಣೆ ಬೇಕಾದವರು ಒಂದು ಕಡೆ, ದುಡ್ಡಿರುವವರು ಇನ್ನೊಂದು ಕಡೆ. ಇದನ್ನು ರಕ್ಷಣೆಯ ಬೆಲೆ ಅಂತ ಕರೆಯುವುದು ಸುಮ್ನೆ ನೆಪ ಅಲ್ವಾ? ಅಂದಹಾಗೆ 1990ರಲ್ಲಿ ಇರಾಕ್ ದಾಳಿಯಾದಾಗ ಕುವೈತ್‌ನಿಂದ ಬಂದ ಸುಮಾರು 1.7 ಲಕ್ಷ ಜನರಲ್ಲಿ ಹೆಚ್ಚಿನವರನ್ನು ಕರೆತಂದದ್ದು ಸೇನೆಯಲ್ಲ, ಏರ್ ಇಂಡಿಯಾ.

ಇನ್ನು, ನಾವು ಏನೂ ಕೊಡುವುದಿಲ್ಲ ಅನ್ನುವುದೂ ಸುಳ್ಳು. 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಒಂದಿದೆ. ರಾಯಭಾರ ಕಚೇರಿಯ ಸೇವೆಗಳಿಗೆ ಕಟ್ಟುವ ಹಣದ ಜೊತೆ ಇದಕ್ಕೂ ಒಂದು ಸಣ್ಣ ಮೊತ್ತ ಹೋಗುತ್ತದೆ. ಸಂಬಳ ಸಿಗದೆ ಬೀದಿಗೆ ಬಿದ್ದ ಕೂಲಿಯವನ ಟಿಕೆಟ್, ಸತ್ತವರ ಶವ ಊರಿಗೆ ಕಳಿಸುವ ಖರ್ಚು, ತುರ್ತು ತೆರವು ಎಲ್ಲಕ್ಕೂ ಇದೇ ಆಧಾರ. ಕಡಿಮೆ ಬಿದ್ದರೆ ಈ ಮೊತ್ತವನ್ನೇ ಸ್ವಲ್ಪ ಜಾಸ್ತಿ ಮಾಡಲಿ. ನಾನು ತಕರಾರು ಮಾಡುವುದಿಲ್ಲ.

ಎಲ್ಲೂ ತೆರಿಗೆ ಕಟ್ಟದೆ ತಪ್ಪಿಸಿಕೊಳ್ಳುವ ಶ್ರೀಮಂತರ ಮೇಲೆ ನಿಮಗೆ ಸಿಟ್ಟಿದ್ದರೆ, 2020ರ ಬಜೆಟ್ ಅವರಿಗಾಗಿಯೇ ಬೇರೆ ನಿಯಮ ತಂದಿದೆ. ಅದಕ್ಕೆ ಸೇನೆಯ ಹೆಸರು ಬೇಕಾಗಲಿಲ್ಲ.